ಕುಷ್ಟನ ನೀಲಿ ಗೆರೆ

"ವಿಜೇತಕ್ಕ, ನನ್ ಮರ್ಯಾದಿ ಉಳ್ಸಿ. ಇನ್ನ್ ನಂಗೆ ಯಾರ್ ಗಾಡಿ ಕೊಡ್ತ್ರ್?"

ಬಾಗಿಲಲ್ಲಿ ನಿಂತ ಮೆಕ್ಯಾನಿಕ್ ಕುಷ್ಟನ ಮುಖ ಕಂಡು ಅಮಿತಾ ಕುರ್ಚಿ ಎಳೆದುಕೊಟ್ಟಳು. ಕುಂದಾಪುರದಲ್ಲಿ ಪತ್ತೇದಾರಿಕೆಗೆ ಹೆಸರಾದ ವಿಜೇತಾಳಿಗೆ ಅವಳೇ ಬಲಗೈ.

ಸಂಗತಿ ಇಷ್ಟು. ಬೈಂದೂರಿನ ಚಂದಯ್ಯ ಶೆಟ್ಟರ ಹಳೇ ಅಂಬಾಸಿಡರಿಗೆ ಕುಷ್ಟ ಚಕ್ರಗಳ ನೇರ ಸರಿಪಡಿಸಿ ಅಲೈನ್‌ಮೆಂಟ್ ಮಾಡಿಕೊಟ್ಟಿದ್ದ. ಮರುದಿನವೇ ಶಿರೂರಿನ ತಿರುವಿನಲ್ಲಿ ಕಾರು ಎಡಕ್ಕೆ ಎಳೆದು ಗದ್ದೆಗೆ ಬಿತ್ತು, ಶೆಟ್ಟರ ಕೈ ಮುರಿಯಿತು. ತಮ್ಮ ಕಾಲಾನಂತರ ಆ ಕಾರು ಕುಷ್ಟನಿಗೇ ಎಂದು ಊರೆದುರು ಹೇಳಿದ್ದ ಶೆಟ್ಟರೇ ಈಗ ಅವನ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು.

"ಶೆಟ್ರನ್ನೇ ಸೀಟಲ್ ಕೂರ್ಸಿ, ಭಾರ ಬಿದ್ ಮೇಲೆ, ಗ್ಯಾರೇಜಿನ ಗುಂಡಿಯೊಳ್ಗೆ, ಕಾರಿನ್ ಅಡಿಗ್ ನಿಂತ್ಕಂಡ್ ನಟ್ ಬಿಗಿತೆ," ಎಂದ ಕುಷ್ಟ. " ಬಿಗಿದ್ ಮೇಲೆ ದೋಣಿಗ್ ಬಳಿವ ಬಣ್ಣದಲ್ ನಟ್ಟಿಂದ ರಾಡಿನ್ ತನಕ ಒಂದ್ ನೀಲಿ ಗೆರೆ ಎಳಿತೆ. ಯಾರಾರೂ ನಟ್ ತಿರುಗ್ಸಿರೆ ಗೆರೆ ತುಂಡಾತ್ತ್. 'ಗೆರೆ ಸಮ ಇತ್ತ್, ತಪ್ಪು ಕುಷ್ಟಂದೇ' ಅಂದ್ ಶೆಟ್ರ ತಂಗಿ ಮಗ ರತನ್ ನಿನ್ನೆ ಆಸ್ಪತ್ರಿಯಲ್ಲೇ ಹೇಳ್ದ್ರ್."

ಮೂವರೂ ಶಿರೂರಿಗೆ ಹೋದಾಗ ಕಾರಿನ ಮೂತಿಯ ಎಡಭಾಗ ಇನ್ನೂ ಕೆಸರಿನಲ್ಲೇ ಹೂತಿತ್ತು. ಕ್ರೇನ್ ಬಂದು ಎತ್ತಿ ರಸ್ತೆಗಿಟ್ಟಿತು. ಕೆಸರು ತೊಳೆಸಿ ವಿಜೇತಾ ಎಡಚಕ್ರದ ಬಳಿ ಬಗ್ಗಿದಳು. ನೀಲಿ ಗೆರೆ ಎದುರಿಗೇ ಕಂಡಿತು, ತುಂಡಾಗಿರಲಿಲ್ಲ. ಬಲಗಡೆಯದ್ದನ್ನು ಕಾಣಲು ಮಾತ್ರ ಪುಣ್ಯಾತ್ಗಿತ್ತಿ ಡಾಂಬರಿನ ಮೇಲೆ ಅಂಗಾತ ಮಲಗಬೇಕಾಯಿತು! ಅಮಿತಾಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಶೆಟ್ಟರ ಚಾವಡಿಯಲ್ಲಿ ಎಲ್ಲರೂ ಸೇರಿದರು. ಶೆಟ್ಟರ ಕೈಗೆ ಬ್ಯಾಂಡೇಜು, ಪಕ್ಕದಲ್ಲಿ ರತನ್.

"ಗುಂಡಿಯಲ್ಲಿ ನಿಂತು ಎಳೆದ ಗೆರೆ ನಟ್ಟಿನ ಅಡಿಭಾಗದಲ್ಲಿರಬೇಕು," ಎಂದಳು ವಿಜೇತಾ. "ಬಲಗಡೆ ಹಾಗೇ ಇದೆ. ಎಡಗಡೆಯದ್ದು ಪಕ್ಕಕ್ಕಿದೆ. ಯಾರೋ ಆ ರಾತ್ರಿ ಈ ಅಂಗಳದಲ್ಲೇ ಚಕ್ರದ ಬದಿಗೆ ಕೂತು, ನಟ್ ಸಡಿಲಿಸಿ, ಚಕ್ರದ ನೇರ ತಪ್ಪಿಸಿ, ಮತ್ತೆ ಬಿಗಿದು, ಹಳೇ ಗೆರೆ ಕೆರೆದು ಹೊಸದು ಬಳಿದಿದ್ದಾರೆ."

"ದೋಣಿ ಬಣ್ಣ ಗಂಗೊಳ್ಳಿ ಬಂದರಲ್ ಯಾರಿಗ್ ಸಿಕ್ಕುದಿಲ್ಲ?" ರತನ್ ನಕ್ಕ.

"ಎಲ್ಲರಿಗೂ ಸಿಗುತ್ತದೆ. ಆದರೆ ನಿನ್ನೆ ಆ ನಟ್ ಕೆಸರಿನೊಳಗಿತ್ತು. ಗೆರೆ ಸಮ ಇದೆ ಅಂತ ಆಸ್ಪತ್ರೆಯಲ್ಲಿ ಕೂತ ನಿಮಗೆ ಹೇಗೆ ಗೊತ್ತಾಯಿತು?"

ರತನನ ನಗು ಇಂಗಿತು. "ಮಾವ, ಮನಿ ಕಾರ್ ಹೊರಗಿನವನಿಗೆ ಹೋಪುದಂದ್ರೆ... ಇವನ್ ಹೆಸರ್ ಕೆಟ್ರೆ ಸಾಕಂದ್ ಮಾಡ್ದೆ. ನೀವ್ ಬೀಳ್ತ್ರಿ ಅಂದ್ ಎಣ್ಸಲಿಲ್ಲ."

"ನನ್ ಕಣ್ಣೆದ್ರ್ ನಿಲ್ಲಬೇಡ," ಎಂದರು ಶೆಟ್ಟರು. ಆಮೇಲೆ ಕುಷ್ಟನಿಗೆ ಕೈಮುಗಿಯಲು ಹೋದರು, ಒಂದೇ ಕೈ ಎದ್ದಿತು. "ತಪ್ಪಾಯ್ತ್ ಮಾರಾಯ. ಕಾರ್ ನಿನ್ ಗ್ಯಾರೇಜಿಗೇ ತಕಂಡ್ ಹೋಗ್."

ಕುಷ್ಟ ಕಣ್ಣೊರೆಸಿಕೊಂಡ. "ತಕಂಡ್ ಹೋತೆ. ಆದ್ರೆ ಶೆಟ್ರೆ, ಸೀಟಲ್ ಕೂಕಂಬುಕೆ ನೀವೇ ಇಲ್ದಿರೆ ನಾ ನಟ್ ಬಿಗಿಯುದ್ ಹ್ಯಾಂಗೆ?"

ಶೆಟ್ಟರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.