ಮುಗಿಸದೆ ಇಟ್ಟ ಡಿಸ್ಕು

ಮಾರ್ಲಿಸ್ ಹೇಳಿದ ಮೊದಲ ಸುಳ್ಳು ತೀರಾ ಸಣ್ಣದು. ಒಂದೊಂದು ಡಿಸ್ಕನ್ನು ಕಂಪ್ಯೂಟರಿಗೆ ಇಳಿಸೋಕೆ ಒಂದೊಂದು ಗಂಟೆ ಹಿಡಿಯುತ್ತೆ ಅಂದಿದ್ದಳು. ನಿಜಕ್ಕೂ ಹತ್ತು ನಿಮಿಷ ಸಾಕಿತ್ತು.

ಬೇಕಂತಲೇ ಹೇಳಿದ್ದೇನಲ್ಲ, ಪಾಪ. ನಮ್ಮೂರು ಹ್ಯಾನ್‌ಕಾಕ್‌ನಲ್ಲಿ ಮದುವೆ, ನಾಮಕರಣ, ಸಾವು, ಎಲ್ಲದರ ವಿಡಿಯೋ ಮಾಡಿಕೊಡುವವಳು ಅವಳೊಬ್ಬಳೇ. ಆದರೆ ಅವಳ ಕೈ ಪಳಗಿದ್ದು ಟೇಪಿನಲ್ಲಿ. ಟೇಪು ಎಷ್ಟು ಹೊತ್ತಿನದೋ ಅಷ್ಟು ಹೊತ್ತೂ ಓಡಿಸಲೇಬೇಕು. ವಿಡಿಯೋ ಕ್ಯಾಮೆರಾದೊಳಗೆ ಹಾಕುವ ಅಂಗೈಯಗಲದ ಈ ಪುಟ್ಟ ಡಿಸ್ಕುಗಳು ಅವಳಿಗೆ ಹೊಸವು. ಮೊದಲನೆಯದನ್ನು ಹಾಕಿದಾಗ ಪರದೆಯ ಮೇಲಿನ ಹಸಿರು ಗೆರೆ ಸರಸರನೆ ಓಡಿದ್ದು ನೋಡಿ ಅವಳಿಗೇ ಗಾಬರಿಯಾಯಿತು. ಆಗ ಅವಳು ಮಾಡಿದ ಕೆಲಸ ಒಂದೇ. ರೇನೊ ಕಂಗಸ್‌ಗೆ ಕಾಣಿಸದ ಹಾಗೆ ಪರದೆಯನ್ನು ಕೊಂಚ ತನ್ನ ಕಡೆಗೆ ತಿರುಗಿಸಿಕೊಂಡಳು.

ಏಕೆಂದರೆ ರೇನೊ ಆಗಷ್ಟೇ ಕಾಫಿ ಲೋಟ ಕೈಗೆತ್ತಿಕೊಂಡಿದ್ದ.

ರೇನೊ ಕೌಂಟಿಯ ಹಿಮ ತಳ್ಳುವ ಲಾರಿಯ ಡ್ರೈವರ್. ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿ ಒಳಬರುವ ಆಳು. ಪ್ರತಿ ಗುರುವಾರ ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲೇ ಬಂದು, ಕುರ್ಚಿಯ ತುದಿಯಲ್ಲಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂರುತ್ತಿದ್ದ. ಮೊದಲ ಗುರುವಾರ ಅವನ ಎಡಗಾಲಿನ ಹೆಬ್ಬೆರಳು ಚೀಲದ ತೂತಿನಿಂದ ಇಣುಕುತ್ತಿತ್ತು. ಮಾರ್ಲಿಸ್ ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಮುಂದಿನ ಗುರುವಾರ ಹೊಸ ಕಾಲುಚೀಲ ಬಂತು. ಅಂಗಡಿಯ ಚೀಟಿ ಕೂಡ ಹಾಗೇ ಅಂಟಿಕೊಂಡಿತ್ತು. ಅವಳು ನಗು ತಡೆಯಲು ಎದ್ದು ಹೋಗಿ ಕಿಟಕಿ ತೆಗೆದಳು. ಮಾರ್ಚ್ ತಿಂಗಳು, ಹೊರಗೆ ಸೊಂಟದವರೆಗೆ ಹಿಮ.

"ಸೆಖೆನಾ?" ಅಂದ ರೇನೊ.

"ಸ್ವಲ್ಪ," ಅಂದಳು ಮಾರ್ಲಿಸ್. ಅದೂ ಸುಳ್ಳೇ.

ಅವನು ತಂದಿದ್ದ ಡಿಸ್ಕುಗಳು ಒಂದು ಹಳೇ ಕಾಫಿ ಡಬ್ಬಿಯಲ್ಲಿದ್ದವು. ಅವನ ಹೆಂಡತಿ ಕಾರ್ಲಾ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ತಾಯಿ ಎಲ್ಮಜ್ಜಿಗೆ ಮೇ ತಿಂಗಳಲ್ಲಿ ಎಪ್ಪತ್ತೈದು ತುಂಬುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ ಊಟ, ಊಟವಾದ ಮೇಲೆ ಮಗಳ ನೆನಪಿನ ಪುಟ್ಟ ಚಿತ್ರ. ಅದನ್ನು ಕತ್ತರಿಸಿ, ಜೋಡಿಸಿ ಮಾಡಿಕೊಡಬೇಕು. ಇಷ್ಟೇ ಕೆಲಸ.

ಇಷ್ಟೇ ಅಂದುಕೊಂಡಿದ್ದಳು ಮಾರ್ಲಿಸ್. ಆದರೆ ಗುರುವಾರ ಗುರುವಾರವೂ ಪರದೆಯ ಮೇಲೆ ಕಾರ್ಲಾ ನಕ್ಕಳು, ಮೀನು ಹಿಡಿದಳು, ಹಬೆಸ್ನಾನದ ಸೌನಾದಿಂದ ಕೆಂಪಗೆ ಹೊರಬಂದು ಹಿಮದಲ್ಲಿ ಓಡಿದಳು. ಕ್ಯಾಮೆರಾದ ಹಿಂದಿನಿಂದ ರೇನೊನ ದನಿ ಮಾತ್ರ ಕೇಳುತ್ತಿತ್ತು. ಆ ದನಿಯಲ್ಲಿ ಎಷ್ಟು ಅಕ್ಕರೆ! ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ಕೀಳು ಬುದ್ಧಿ ಅಂತ ಮಾರ್ಲಿಸ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪಟ್ಟಳು.

ಡಬ್ಬಿಯಲ್ಲಿ ನೀಲಿ ಚುಕ್ಕೆ ಇಟ್ಟ ಡಿಸ್ಕೊಂದಿತ್ತು. ಹಾಕಿದರೆ ಕಂಪ್ಯೂಟರ್ ಖಾಲಿ ಅಂದಿತು. ತೆಗೆದು ಒರೆಸಿ ಮತ್ತೆ ಹಾಕಿದಳು, ಆಗಲೂ ಖಾಲಿ. ಫೋನ್ ಮಾಡಿ, ನೀಲಿ ಚುಕ್ಕೆಯದು ಖಾಲಿ ಇದೆಯಲ್ಲ ಅಂತ ಕೇಳಿದಳು. ಆ ಕಡೆಯಿಂದ ರೇನೊ, "ಹೂಂ, ಅದನ್ನ ಬಿಟ್ಬಿಡಿ," ಅಂದ. ಅವಳು ಅದನ್ನು ಮೇಜಿನ ಡ್ರಾಯರಿಗೆ ಹಾಕಿದಳು.

ಏಪ್ರಿಲ್‌ನಲ್ಲಿ ಊರ ಹಾಲ್‌ನಲ್ಲಿ ಕುಣಿತದ ಸಂಜೆಯಿತ್ತು. ಬರ್ತೀರಾ ಅಂತ ರೇನೊ ಕೇಳಿದ. ಕೇಳುವಾಗ ಅವಳ ಮುಖ ನೋಡಲಿಲ್ಲ, ಸಕ್ಕರೆ ಡಬ್ಬಿಯನ್ನು ನೋಡಿದ. ಮಾರ್ಲಿಸ್ ಹೋದಳು. ಬರಿಗೈಯಲ್ಲಿ ಹೋದರೆ ಜನ ಏನಂದಾರು ಅಂತ ತಂಗಿಯ ಡಿಸ್ಕ್ ಕ್ಯಾಮೆರಾ ಹಿಡಿದುಕೊಂಡು ಹೋದಳು. ಹೊಸ ಡಿಸ್ಕು ಕೊಳ್ಳೋಣವೆಂದರೆ ಅಂಗಡಿ ಮುಚ್ಚಿತ್ತು. ಡ್ರಾಯರಿನಲ್ಲಿ ನೀಲಿ ಚುಕ್ಕೆಯದು ಹೇಗೂ ಖಾಲಿ ಬಿದ್ದಿತ್ತಲ್ಲ. ತಂಗಿಯದು ಬೇರೆ ಕಂಪನಿಯ ಕ್ಯಾಮೆರಾ. ಈ ಡಿಸ್ಕ್ ಗುರುತು ಹತ್ತುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಅದು ಕೇಳಿತು. ಮಾರ್ಲಿಸ್ ಯೋಚನೆ ಕೂಡ ಮಾಡದೆ ಹೌದು ಅಂತ ಒತ್ತಿದಳು.

ಆ ಸಂಜೆ ಅವಳು ತೆಗೆದದ್ದು ರೇನೊನನ್ನೇ. ಅವನು ಅತ್ತೆಯ ಎರಡೂ ಕೈ ಹಿಡಿದು ಗಿರಗಿರನೆ ತಿರುಗುತ್ತಿದ್ದ. ಎಲ್ಮಜ್ಜಿ, ನನ್ನ ಮಂಡಿ ನಿನ್ನ ಲಾರಿ ಚಕ್ರ ಅಲ್ಲ ಕಣೋ ಅಂತ ಬೈಯುತ್ತಲೇ ಹೆಜ್ಜೆ ಹಾಕುತ್ತಿದ್ದರು. ರೇನೊ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ನಗುತ್ತಲೇ ಕ್ಯಾಮೆರಾ ಕಡೆ ತಿರುಗಿ, ಕ್ಯಾಮೆರಾದ ಹಿಂದಿದ್ದವಳನ್ನು ಕಂಡು, ನಗುವನ್ನು ಹಾಗೇ ಅಲ್ಲೇ ಇಟ್ಟ. ಮಾರ್ಲಿಸ್‌ಳ ಕೈ ನಡುಗಿತು. ಚಿತ್ರವೂ ನಡುಗಿದೆ.

ವಾರ ಕಳೆದು ಎಲ್ಮಜ್ಜಿ ತಾವೇ ಬಂದರು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ಘಮ ಕೋಣೆ ತುಂಬಿತು. ಕೂತು, ಉಸಿರು ಬಿಟ್ಟು, ಬಂದ ಕೆಲಸಕ್ಕೇ ಇಳಿದರು.

"ನನ್ನ ನೀಲಿ ಉಗುರುಬಣ್ಣದಲ್ಲಿ ನಾನೇ ಒಂದು ಡಿಸ್ಕಿಗೆ ಚುಕ್ಕೆ ಇಟ್ಟಿದ್ದೆನಲ್ಲ, ಅದನ್ನ ಎಲ್ಲಿ ಸೇರಿಸ್ತೀಯಮ್ಮ?"

ಮಾರ್ಲಿಸ್ ಬಾಯಿಗೆ ಒಯ್ಯುತ್ತಿದ್ದ ಬ್ರೆಡ್ಡನ್ನು ತಟ್ಟೆಗೆ ವಾಪಸ್ಸಿಟ್ಟಳು.

ಅದರಲ್ಲಿ ಕಾರ್ಲಾ ತಾಯಿಯ ಅಡುಗೆಮನೆಯಲ್ಲಿ ಇದೇ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳಂತೆ. ಏಲಕ್ಕಿ ಎಷ್ಟು ಅನ್ನೋದೇ ಮರೆತು, ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ತಾಯಿಯನ್ನು ಕೂಗಿದ್ದಳಂತೆ. ಕೊನೆಯ ಕ್ರಿಸ್‌ಮಸ್‌ನದು, ರೇನೊನ ಕ್ಯಾಮೆರಾದಲ್ಲೇ ಅವರು ಎಷ್ಟೋ ಸಲ ಹಾಕಿ ನೋಡಿದ್ದರಂತೆ.

"ಬೇರೆ ಎಲ್ಲದರಲ್ಲೂ ಅವಳು ಗಂಡನನ್ನೇ ನೋಡ್ತಾಳೆ," ಅಂದರು ಎಲ್ಮಜ್ಜಿ. "ನೋಡ್ಲಿ ಬಿಡು, ಹೊಸ ಮದುವೆ. ಆದ್ರೆ 'ಅಮ್ಮಾ' ಅಂತ ನನ್ನ ಕೂಗಿರೋದು ಅದೊಂದರಲ್ಲೇ."

ಮಾರ್ಲಿಸ್, ಅದನ್ನ ಇನ್ನೂ ಇಳಿಸಿಲ್ಲ ಅಜ್ಜಿ ಅಂದಳು. ಈ ಸಲದ ಸುಳ್ಳು ಸಣ್ಣದಾಗಿರಲಿಲ್ಲ.

ಅಜ್ಜಿ ಹೋದ ಕೂಡಲೇ ಕ್ಯಾಮೆರಾ ಅಂಗಡಿಗೆ ಓಡಿದಳು. ಅಲ್ಲಿಯ ಹೆಂಗಸು ಎರಡೇ ಮಾತಲ್ಲಿ ಹೇಳಿದಳು. ತುಂಬಿದ ಡಿಸ್ಕನ್ನು ಅದೇ ಕ್ಯಾಮೆರಾದಲ್ಲಿ ಫೈನಲೈಸ್ ಮಾಡಬೇಕು, ಅಂದರೆ ಇನ್ನು ಇದರಲ್ಲಿ ಏನೂ ತುಂಬಲ್ಲ ಅಂತ ಮುಗಿಸಬೇಕು. ಮುಗಿಸದಿದ್ದರೆ ಬೇರೆ ಯಾವ ಯಂತ್ರಕ್ಕೂ ಅದು ಖಾಲಿಯ ಹಾಗೇ ಕಾಣುತ್ತೆ. ಟೇಪಿಗೆ ಇಂಥ ರಗಳೆಯೇ ಇರಲಿಲ್ಲ. ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ತಂದು ಹಾಕಿ ನೋಡಿದಳು. ರೇನೊ ನಗುತ್ತ ಕುಣಿಯುತ್ತಿದ್ದ. ಅದರ ಹಿಂದೆ ಬರೀ ಬೂದು ಬಣ್ಣ.

ಮಾರ್ಲಿಸ್ ತಲೆ ಮೇಲೆ ಕೈ ಹೊತ್ತು ಕೂತಳು. ಆದರೆ ಅದಕ್ಕೂ ಮುಂಚೆ, ಒಂದೇ ಒಂದು ಉಸಿರಿನಷ್ಟು ಹೊತ್ತು, ಅವಳಿಗೆ ಹಗುರವಾಗಿತ್ತು. ಕಾರ್ಲಾ ಅಷ್ಟು ಕಡಿಮೆಯಾದಳು, ರೇನೊ ಅಷ್ಟು ಉಳಿದ, ಅಂತ. ಡಿಸ್ಕು ಅಳಿಸಿದ್ದನ್ನು ಗೊತ್ತಿಲ್ಲದೆ ಆಯ್ತು ಅನ್ನಬಹುದು. ಈ ಹಗುರವನ್ನು ಏನಂತ ಹೇಳುವುದು? ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಅಜ್ಜಿ ಕೊಟ್ಟ ಬ್ರೆಡ್ಡು ಮೇಜಿನ ಮೇಲೆ ಹಾಗೇ ಒಣಗಿತು.

ಗುರುವಾರ ರೇನೊ ಬಂದ. ಇಬ್ಬರಿಗೂ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ತಂದಿದ್ದ. ಅವಳು ಅದನ್ನು ಮುಟ್ಟಲಿಲ್ಲ. ಕಾಫಿಯನ್ನೂ ಕೊಡಲಿಲ್ಲ. ನಿಂತೇ ಎಲ್ಲ ಹೇಳಿದಳು. ಡ್ರಾಯರು, ತಂಗಿಯ ಕ್ಯಾಮೆರಾ, ಒತ್ತಿದ ಬಟನ್ನು, ಅಜ್ಜಿ ಬಂದು ಕೇಳಿದ್ದು, ತಾನು ಹೇಳಿದ ಸುಳ್ಳು. ರೇನೊ ನೆಲ ನೋಡುತ್ತ ಕೇಳಿದ.

"ಇಷ್ಟೇ ಅಲ್ಲ," ಅಂದಳು. "ಅಳಿಸಿಹೋಗಿದೆ ಅಂತ ಗೊತ್ತಾದಾಗ ನನಗೆ ಒಂದು ಗಳಿಗೆ ಸಮಾಧಾನ ಆಯ್ತು. ನಾನು ಅಂಥವಳು. ಯಾಕೆ ಅಂತ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ರೆ ಅದನ್ನೂ ಹೇಳ್ತೀನಿ. ನಿಮ್ಮನ್ನ ಕಂಡರೆ ನನಗೆ ಇಷ್ಟ. ತುಂಬಾ ಇಷ್ಟ. ಈಗ ನಿಮ್ಮ ಡಬ್ಬಿ ತಗೊಂಡು ಹೋಗಿ."

ರೇನೊ ಏಳಲಿಲ್ಲ. ಕುರ್ಚಿಯ ತುದಿ ಬಿಟ್ಟು ಮೊದಲ ಸಲ ಪೂರ್ತಿ ಹಿಂದಕ್ಕೆ ಒರಗಿ ಕೂತ. ಅವನ ಕಣ್ಣು ತುಂಬಿತ್ತು.

"ಫೈನಲೈಸ್ ಮಾಡಬೇಕು ಅಂತ ನನಗೆ ಗೊತ್ತಿತ್ತು," ಅಂದ. "ಬೇರೆಲ್ಲ ನಾನೇ ಮಾಡಿದ್ದು. ಅದೊಂದು ಆಗ್ಲಿಲ್ಲ. ಅದರಲ್ಲಿ ಇನ್ನೂ ಜಾಗ ಉಳಿದಿತ್ತು ಮಾರ್ಲಿಸ್. ಮುಗಿಸಲೇ ಅಂತ ಕ್ಯಾಮೆರಾ ಕೇಳುತ್ತೆ. ಹೌದು ಅಂದ್ರೆ ಇನ್ನು ಅವಳದು ಏನೂ ಬರಲ್ಲ ಅಂತ ನಾನೇ ಒಪ್ಪಿದ ಹಾಗೆ. ನೀನು ಫೋನ್ ಮಾಡಿದಾಗ ಇದನ್ನ ಹೇಳೋಕೆ ನಾಚಿಕೆ ಆಯ್ತು. ಬಿಟ್ಬಿಡಿ ಅಂದೆ."

ಅವಳು ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು.

"ಅದೂ ಇಷ್ಟೇ ಅಲ್ಲ. ಇಲ್ಲಿ ಕೂತು ಅವಳನ್ನ ನೋಡ್ತಿದೀನಿ ಅಂತ ನೀನು ಅಂದ್ಕೊಂಡಿದ್ದೆ. ನಾನು ನೋಡ್ತಿದ್ದದ್ದು ಮೌಸಿನ ಮೇಲಿದ್ದ ನಿನ್ನ ಕೈನ. ಹೆಂಡತಿಯ ಡಿಸ್ಕು ನೆಪ ಮಾಡ್ಕೊಂಡು ಬರೋ ಗಂಡಸು ನಾನು. ಮನೆಗೆ ಹೋಗುವಾಗ ಪ್ರತಿ ಸಲ ನನ್ನ ಮೇಲೆ ನನಗೇ ಅಸಹ್ಯ ಆಗ್ತಿತ್ತು. ಆದ್ರೂ ಮತ್ತೆ ಗುರುವಾರ ಬರ್ತಿತ್ತು."

ಮಾರ್ಲಿಸ್ ಅವನ ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಸಂತೋಷ ಪಡಬೇಕಾದ ಮಾತು. ಪಡೋಕೆ ಧೈರ್ಯ ಬರಲಿಲ್ಲ. ಇಬ್ಬರ ಮಂಡಿಗಳ ನಡುವೆ ಗೇಣಿನಷ್ಟು ಜಾಗ. ಆ ಜಾಗದಲ್ಲಿ ಎಲ್ಮಜ್ಜಿಯೇ ಬಂದು ಕೂತ ಹಾಗಿತ್ತು.

"ನಾನೇ ಹೇಳ್ತೀನಿ ಅತ್ತೆಗೆ," ಅಂದ ರೇನೊ.

"ಬೇಡ. ಅಳಿಸಿದವಳು ನಾನು."

ಡಿಸ್ಕನ್ನು ಮತ್ತೆ ತಂಗಿಯ ಕ್ಯಾಮೆರಾಗೆ ಹಾಕಿಕೊಂಡು ಇಬ್ಬರೂ ಲಾರಿ ಹತ್ತಿದರು. ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ರೇನೊ ಅಭ್ಯಾಸಬಲದಿಂದ ನಿಧಾನ ಮಾಡಿದ, ಅಷ್ಟೆ.

ಎಲ್ಮಜ್ಜಿ ಅಡುಗೆಮನೆಯಲ್ಲಿದ್ದರು. ಮಾರ್ಲಿಸ್ ಹೇಳುತ್ತಿದ್ದಾಗ ಒಲೆಯ ಮೇಲಿನ ಕೆಟಲ್ ಕೂಗುತ್ತಲೇ ಇತ್ತು, ಯಾರೂ ಆರಿಸಲಿಲ್ಲ. ಎಲ್ಲ ಕೇಳಿದ ಮೇಲೆ ಅಜ್ಜಿ ಎದ್ದು ಆರಿಸಿ, ಅವರಿಬ್ಬರಿಗೂ ಬೆನ್ನು ಮಾಡಿ ಒಲೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೈ ಚಾಚಿದರು.

"ಅದರಲ್ಲಿ ಈಗ ಏನಿದೆಯೋ ಅದನ್ನಾದ್ರೂ ತೋರಿಸು."

ಮಾರ್ಲಿಸ್ ತೋರಿಸಿದಳು. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಅಜ್ಜಿ ತಮ್ಮನ್ನೇ ನೋಡಿಕೊಂಡರು, ಅಳಿಯ ತಲೆ ಚೆಲ್ಲಿ ನಕ್ಕದ್ದು ನೋಡಿದರು. ಆ ನಗು ತಿರುಗಿ ನಿಂತ ಕಡೆ ಚಿತ್ರ ನಡುಗಿದ್ದನ್ನೂ ನೋಡಿದರು. ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು.

"ಮೂರು ವರ್ಷದಲ್ಲಿ ಇವನ ಹಲ್ಲು ನಾನು ಕಂಡಿರ್ಲಿಲ್ಲ," ಅಂದರು. ದನಿ ಒರಟಾಗಿತ್ತು. "ನನಗೆ ಸಿಟ್ಟು ಬಂದಿದೆ, ಮಾರ್ಲಿಸ್. ಇವತ್ತು ನಾಳೆ ಹೋಗೋ ಸಿಟ್ಟಲ್ಲ. ಒಬ್ಬಳೇ ಕೂತು ಸಿಟ್ಟು ಮಾಡ್ಕೊಳ್ಳೋಕೆ ನನ್ನ ಕೈಲಾಗಲ್ಲ. ಗುರುವಾರ ಇಲ್ಲಿಗೆ ಬಾ. ಹಿಟ್ಟು ನಾದ್ತಾ ಬೈಸ್ಕೋ."

"ಬರ್ತೀನಿ ಅಜ್ಜಿ."

"ಇವನೂ ಬರ್ಲಿ. ಇನ್ನೇನು, ಡಿಸ್ಕಿಗೆ ಗಂಟೆಗಟ್ಟಲೆ ಕಾಯೋದು ತಪ್ಪಿತಲ್ಲ."

ಮಾರ್ಲಿಸ್ ತಲೆ ತಗ್ಗಿಸಿ, ಅದೂ ಸುಳ್ಳು ಅಜ್ಜಿ, ಹತ್ತೇ ನಿಮಿಷ ಅಂದಳು. ಹೇಳುವುದೇ ಆದರೆ ಇದೊಂದು ಯಾಕೆ ಉಳಿಯಬೇಕು?

"ಗೊತ್ತು," ಅಂದರು ಎಲ್ಮಜ್ಜಿ. "ಮೊದಲ ದಿನವೇ ಇವನು ಬಂದು ಹೇಳಿದ. 'ಅತ್ತೆ, ಹತ್ತು ನಿಮಿಷದ ಕೆಲಸಕ್ಕೆ ಆ ಹುಡುಗಿ ಒಂದು ಗಂಟೆ ಅಂತಾಳೆ' ಅಂದ. 'ನೀನೇನಂದೆ' ಅಂದೆ. 'ಸರಿ ಅಂದೆ' ಅಂದ."

ರೇನೊನ ಕಿವಿ ಕೆಂಪಾಯಿತು. ಮಾರ್ಲಿಸ್‌ಗೆ ಅಳು ಬಂತು, ತಡೆಯದೆ ಅತ್ತಳು.

ಅಜ್ಜಿ ಕ್ಯಾಮೆರಾವನ್ನು ಅಳಿಯನ ಕಡೆ ತಳ್ಳಿದರು. ಚರ್ಚಿನಲ್ಲಿ ತೋರಿಸಬೇಕಾದರೆ ಇದನ್ನೂ ಮುಗಿಸಬೇಕಲ್ಲವಾ ಅಂತ ಕೇಳಿದರು. ರೇನೊ ಅದನ್ನು ಮೇಜಿನ ಮೇಲಿಟ್ಟು ಬಟನ್ನು ಹುಡುಕಿದ. ಇನ್ನು ಇದರಲ್ಲಿ ಏನೂ ತುಂಬಲಾಗದು, ಮುಗಿಸಲೇ ಅಂತ ಪರದೆ ಕೇಳಿತು. ಅವನ ಬೆರಳು ಅದರ ಮೇಲೇ ನಿಂತಿತು.

"ಒತ್ತಪ್ಪ," ಅಂದರು ಎಲ್ಮಜ್ಜಿ. "ಅವಳು ಕೂಗಿದ್ದು ನನಗೆ ಕೇಳಿಸಿದೆ."

ಅವನು ಒತ್ತಿದ. ಒಳಗೆ ಡಿಸ್ಕು ಗುಂಯ್ಯನೆ ತಿರುಗತೊಡಗಿತು. ಮುಗಿಯುವವರೆಗೆ ಕ್ಯಾಮೆರಾ ಅಲುಗಾಡಿಸಬೇಡಿ ಅಂತ ಪರದೆಯ ಮೇಲೆ ಬಂತು. ಮಾರ್ಲಿಸ್ ಕೈ ಚಾಚಿ ಮೇಜನ್ನು ಹಿಡಿದುಕೊಂಡಳು. ಅವಳ ಕೈ ಮೇಲೆ ರೇನೊ ಕೈಯಿಟ್ಟ. ಎಲ್ಮಜ್ಜಿ ಅದನ್ನು ನೋಡಿದರು, ಕಣ್ಣೊರೆಸಿಕೊಂಡರು. ಡಿಸ್ಕು ನಿಲ್ಲುವವರೆಗೆ ಮೂವರಲ್ಲಿ ಯಾರೂ ಅಲುಗಾಡಲಿಲ್ಲ.