ಡಾನ್‌ಗೆ ಇಲ್ಲದ ಮಾತು

ಹಳೆಯ ಗ್ಯಾಂಗ್‌ಸ್ಟರ್ ಸಿನಿಮಾಗಳ ಡಾನ್ ಕೂಗಾಡುವುದಿಲ್ಲ. ಅವನು ಮೆಲ್ಲಗೆ ಮಾತಾಡುತ್ತಾನೆ, ಉಳಿದವರು ನಡುಗುತ್ತಾರೆ. ಮನಸ್ಸಿನಲ್ಲಿದ್ದುದನ್ನು ಹೆಂಡತಿಗಂತೂ ಹೇಳುವುದೇ ಇಲ್ಲ. ಹೇಳಿದನೋ, ಮುಂದಿನ ಸೀನಿನಲ್ಲಿ ಸತ್ತ ಅಂತಲೇ ಲೆಕ್ಕ. ಇದೆಲ್ಲ ಅನಘಾಳಿಗೆ ಬಾಯಿಪಾಠ. ಅಂಥ ಸಿನಿಮಾ ನೋಡಿ ನೋಡಿಯೇ ರೋಣದ ಈ ಟೀಚರು ಗಜೇಂದ್ರಗಡದ ನಾಟಕ ಮಂಡಳಿಗೆ ಒಂದು ಡಾನ್ ಕಥೆ ಬರೆದುಕೊಟ್ಟಿದ್ದಳು.

ಡಾನ್ ಪಾತ್ರ ಚಾಳೀಸಿನ ಅಂಗಡಿಯ ಪ್ರಾಣೇಶನದು. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಇಟ್ಟು, ಈಗ ಹ್ಯಾಂಗ ಕಾಣ್ತದ್ರಿ ಎಂದು ಕೇಳುವ ಅವನ ಸಣ್ಣ ದನಿಗೆ ಮರುಳಾಗಿ ಆರಿಸಿದವಳು ಅವಳೇ. ಎಡವಟ್ಟಾಗಿದ್ದು ಅಲ್ಲೇ. ಪುಣ್ಯಾತ್ಮ ರಂಗದ ಹೊರಗೂ ಡಾನ್‌ನಷ್ಟೇ ಮೌನಿ! ತಾಲೀಮು ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ, ಕಿಟಕಿ ಪಕ್ಕದ ಸೀಟಿಗೆ ತನ್ನ ಕರ್ಚೀಫು ಹಾಕಿ ಅವಳಿಗೆ ಜಾಗ ಹಿಡಿಯುತ್ತಿದ್ದ, ಬಸ್ಸು ತಿರುಗುವ ತನಕ ನೋಡುತ್ತಿದ್ದ. ಆ ನೋಟಕ್ಕೆ ಅವಳು ಯಾವಾಗಲೋ ಸೋತಿದ್ದಳು.

ಭಾನುವಾರ ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬರುತ್ತಾರೆ, ಬ್ಯಾಡ ಅನ್ನಲು ಮನೆಯಲ್ಲಿ ಒಂದು ಕಾರಣವಾದರೂ ಬೇಕಲ್ಲ ಎಂದು ಮೊನ್ನೆ ಅವನ ಕಿವಿಗೆ ಹಾಕಿದ್ದಳು. ಅವನು ಹೌದೇನ್ರಿ ಎಂದಷ್ಟೇ ಹೇಳಿ ಕರ್ಚೀಫು ಮಡಿಸಿದ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಶುಕ್ರವಾರ ಸಂಜೆ ಕೊನೆಯ ದೃಶ್ಯದ ತಾಲೀಮು. ಗದಗಿನಿಂದ ಗೊತ್ತುಮಾಡಿದ ನಟಿ ಪ್ರಯೋಗದ ದಿನವೇ ಬರುವುದು ರೂಢಿ. ಅಲ್ಲಿಯ ತನಕ ಹೆಂಡತಿಯ ಮಾತನ್ನು ಅನಘಾಳೇ ಆಡಬೇಕು. ಪೇಟಿ ಮಾಸ್ತರ ಮೈನುದ್ದೀನರು ಹಾರ್ಮೋನಿಯಂ ಎಳೆದುಕೊಂಡರು. ಹೆಂಡತಿ ಕೇಳುತ್ತಾಳೆ, ಡಾನ್ ಮುಖ ತಿರುಗಿಸುತ್ತಾನೆ, ಅವಳು ಹೋಗಿಬಿಡುತ್ತಾಳೆ. ಸೀನು ಅಷ್ಟೇ.

"ನಾ ಹೋಗ್ಲ್ಯಾ?"

ಅನಘಾ ಪುಸ್ತಕ ನೋಡದೆ, ಅವನ ಕಣ್ಣನ್ನೇ ನೋಡಿ ಕೇಳಿದ್ದಳು. ಪ್ರಾಣೇಶ ಮುಖ ತಿರುಗಿಸಲಿಲ್ಲ.

"ಬ್ಯಾಡ."

ಪೇಟಿ ನಿಂತಿತು.

"ಇಲ್ಲಿ ನಿಮಗ ಮಾತಿಲ್ರಿ," ಎಂದಳು.

"ಗೊತ್ತದರಿ. ಮಾತಿಲ್ಲಂತ ಇಷ್ಟ ದಿನ ಸುಮ್ಮನಿದ್ದೆ. ಹೋಗಬ್ಯಾಡ್ರಿ. ನೀವಂದ್ರ ನನಗ ಜೀವ."

ಅವಳು ಪುಸ್ತಕ ಮುಚ್ಚಿದಳು. ಆದರೂ ಟೀಚರು ಟೀಚರೇ. ಮನಸ್ಸು ಬಿಚ್ಚಿದ ಡಾನ್ ಉಳಿಯುವುದಿಲ್ಲ ಎಂದು ನೆನಪು ಮಾಡಿಕೊಟ್ಟಳು.

"ಡಾನ್ ಸಾಯ್ಲಿ ಬಿಡ್ರಿ. ಚಾಳೀಸಿನ ಅಂಗಡಿಯಂವ ಉಳದ್ರ ಸಾಕಲ್ಲ?"

ಮೈನುದ್ದೀನರು ಚಹಾ ನೆಪ ಹೇಳಿ ಎಲ್ಲರನ್ನೂ ಹೊರಗೆ ಕರೆದೊಯ್ದರು. ನಾಟಕದಲ್ಲಿ ಮಾತ್ರ ಬಾಯಿ ಬಿಡಬಾರದು ಎಂದು ಅನಘಾ ಕಣ್ಣೊರೆಸಿಕೊಂಡು ತಾಕೀತು ಮಾಡಿದಳು.

ರೋಣದ ಬಸ್ಸಿನ ಕಿಟಕಿ ಸೀಟಿನ ಮೇಲೆ ಅದೇ ಕರ್ಚೀಫು ಇತ್ತು. ಪಕ್ಕದಲ್ಲಿ ಈ ಸಲ ಅವನೂ ಕೂತಿದ್ದ. ಅವಳ ತಂದೆ ಶ್ರೀನಿವಾಸರಾಯರ ಹತ್ತಿರ ಹೇಗೆ ಶುರುಮಾಡಲಿ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ. ಡಾನ್ ನಡುಗುವುದನ್ನು ಅನಘಾ ಮೊದಲ ಸಲ ನೋಡಿದಳು. ಅವನ ಕೈ ಹಿಡಿದುಕೊಂಡಳು.