ರನ್‌ವೇ ಮೇಲಿನ ಎರಡನೇ ಗಾಲಿ ಗುರುತು

1996 ಫೆಬ್ರವರಿ 5, ಸೋಮವಾರ. ಬೆಳಗ್ಗೆ 9:10.

ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ಏರ್‌ಪೋರ್ಟಿನ ಪೊಲೀಸ್ ಠಾಣೆಗೆ ಶ್ರಾವಣಿ ಬಂದು ಕೂತಳು. ಕೋಟನ್ನೂ ಬಿಚ್ಚಲಿಲ್ಲ. ಅವಳು ಅಲ್ಲಿಯ ಏರ್‌ಲೈನ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಶನಿವಾರ ಬೆಳಗ್ಗೆ 7:26ಕ್ಕೆ ವಾಷಿಂಗ್ಟನ್ನಿನಿಂದ ಬಂದ ವಿಮಾನ ಹಿಮಗಟ್ಟಿದ ರನ್‌ವೇಯಲ್ಲಿ ನಿಲ್ಲದೆ, ತುದಿ ದಾಟಿ ಹಳ್ಳಕ್ಕೆ ಮೂಗು ಊರಿತ್ತು. ಒಬ್ಬ ಮುದುಕಿಯ ಸೊಂಟ ಮುರಿದಿತ್ತು.

ಡಿಟೆಕ್ಟಿವ್ ಗುರುಸಿದ್ದಪ್ಪ ಪೆನ್ನು ತೆಗೆದರು. "ಕನ್ನಡದಲ್ಲೇ ಹೇಳಮ್ಮ."

"ಕಂಟ್ರೋಲ್ ಟವರ್ ತೆರೆಯೋದು ಎಂಟಕ್ಕೆ ಸರ್. ಅದಕ್ಕೂ ಮುಂಚೆ ಫ್ಲೈಟ್ ಬಂದ್ರೆ ರನ್‌ವೇ ನೋಡ್ಕೊಳ್ಳೋ ಶೀನಪ್ಪ ಅಂಕಲ್ ಫೀಲ್ಡಿಂದ ನಂಗೆ ಫೋನ್ ಮಾಡಿ ಬ್ರೇಕ್ ನಂಬರ್ ಹೇಳ್ತಾರೆ. ನಾನು ರೇಡಿಯೋದಲ್ಲಿ ಪೈಲಟ್‌ಗೆ ಪಾಸ್ ಮಾಡ್ತೀನಿ. ಶನಿವಾರ ನಲವತ್ತನಾಲ್ಕು ಅಂದ್ರು. ಈಗ ಅವರ ಲಾಗ್ ಬುಕ್ಕಲ್ಲಿ ಇಪ್ಪತ್ತೊಂದು ಅಂತಿದೆ!"

"ಫೋನು ರೆಕಾರ್ಡ್ ಆಗುತ್ತಾ?"

"ಇಲ್ಲ. ಇವತ್ತು ಮೂರು ಗಂಟೆಗೆ ಏರ್‌ಲೈನ್‌ನವರ ಹಿಯರಿಂಗ್. ನಂಬರ್ ನಾನೇ ಬದಲಾಯಿಸಿದೆ ಅಂತಾರೆ. ಕೆಲಸ ಹೋಗೋದಷ್ಟೇ ಅಲ್ಲ ಸರ್, ಕೇಸೂ ಹಾಕ್ತಾರಂತೆ. ಎರಡು ದಿನದಿಂದ ನಿದ್ದೆಯಿಲ್ಲ. ನಂಗೇ ನನ್ನ ಮೇಲೆ ಅನುಮಾನ ಬರ್ತಿದೆ."

9:40ಕ್ಕೆ ದೂರು ದಾಖಲಾಯಿತು.

ಬ್ರೇಕ್ ನಂಬರ್ ಎಂದರೆ ಇಷ್ಟು. ಪಿಕಪ್ ಟ್ರಕ್ಕಿನೊಳಗೆ ಒಂದು ಡಬ್ಬಿ ಇಟ್ಟು, ರನ್‌ವೇ ಮೇಲೆ ಓಡಿಸಿ, ತಟಕ್ಕನೆ ಬ್ರೇಕ್ ಒತ್ತುತ್ತಾರೆ. ಗಾಲಿ ಎಷ್ಟು ಹಿಡಿಯಿತೆಂದು ಡಬ್ಬಿ ತೋರಿಸುತ್ತದೆ. ನಲವತ್ತು ದಾಟಿದರೆ ಚೆನ್ನ. ಇಪ್ಪತ್ತೊಂದೆಂದರೆ ಯಾವ ಪೈಲಟ್ಟೂ ಇಳಿಸಲಾರ.

10:30ಕ್ಕೆ ಗುರುಸಿದ್ದಪ್ಪ ಮತ್ತು ಜೊತೆಯ ಪೊಲೀಸ್ ಡಾನಾ ಲಾಗ್ ಬುಕ್ಕು ವಶಕ್ಕೆ ತಗೊಂಡರು. ಒಂದೇ ಅಳತೆ ಬರೆದಿತ್ತು: 7:05, ಇಪ್ಪತ್ತೊಂದು. ತಿದ್ದಿದ್ದಿಲ್ಲ, ಕೆರೆದಿದ್ದಿಲ್ಲ. ಶನಿವಾರದ ಹಿಮವನ್ನು ಗುಡಿಸಿ ಆಗಿತ್ತು. ಈ ದೇಶದಲ್ಲಿ ಪಂಚನಾಮೆ ಇಲ್ಲ. ಮಾಡಬೇಕೆಂದರೂ ಸ್ಥಳದಲ್ಲಿ ಏನೂ ಉಳಿದಿರಲಿಲ್ಲ.

"ಸಾಕ್ಷಿಯೆಲ್ಲ ನೀರಾಗಿ ಹರಿದುಹೋಯ್ತು ಗುರು," ಡಾನಾ ಕೈ ಉಜ್ಜಿಕೊಂಡಳು. "ಬಾಟಲಿ ತರ್ಲಾ?"

"ಬಾಟಲಿ ಬೇಡ. ಅಗ್ನಿಶಾಮಕದವರು ಫೋಟೊ ತೆಗೆದಿರ್ತಾರೆ, ಅದನ್ನ ತಾ."

11:50ಕ್ಕೆ ಫೋಟೊ ಬಂತು, ಹನ್ನೆರಡು. ತೆಗೆದ ಹೊತ್ತು 7:58. ಗುರುಸಿದ್ದಪ್ಪ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಒಂಬತ್ತನೆಯದರಲ್ಲಿ ಕೈ ನಿಂತಿತು. ಹಿಮದ ಮೇಲೆ ಟ್ರಕ್ಕಿನ ಗುರುತು ಎರಡು ಜೊತೆ ಇದ್ದವು. ಒಂದು ಜೊತೆಗೆ ಏಣಿಯಂತೆ ಅಡ್ಡಡ್ಡ ಕಚ್ಚು. ಅದರ ಮೇಲೆ ವಿಮಾನದ ಗಾಲಿ ಹಾದಿತ್ತು. ಇನ್ನೊಂದು ಜೊತೆ ಬರೀ ಟೈರಿನದು. ಅದು ವಿಮಾನದ ಗುರುತನ್ನೇ ತುಳಿದುಕೊಂಡು ಹೋಗಿತ್ತು.

ಗಡಿಯಾರ 12:15 ತೋರಿಸುತ್ತಿತ್ತು. ಹೊರಗೆ ಬೆಂಚಿನ ಮೇಲೆ ಶ್ರಾವಣಿ ಉಗುರು ಕಚ್ಚುತ್ತಿದ್ದಳು.

12:40. ಶೀನಪ್ಪ ಟೋಪಿ ಕೈಯಲ್ಲಿ ಹಿಡಿದು ಬಂದರು. ಮಂಗಳೂರಿನ ಕಡೆಯವರು, ಐವತ್ತೆಂಟು ವರ್ಷ.

"ಎಷ್ಟು ಸಲ ಅಳೆದ್ರಿ?"

"ಒಂದೇ ಸಲ. ಲಾಗ್‌ನಲ್ಲಿ ಉಂಟಲ್ಲ."

"ವಿಮಾನ ಬರೋ ಮುಂಚೆ?"

"ಮತ್ತೆ ಬಂದ ಮೇಲೆ ಅಳೆದು ಎಂಥ ಮಾಡ್ಲಿಕ್ಕೆ ಮಾರಾಯ್ರೇ?"

ಗುರುಸಿದ್ದಪ್ಪ ಫೋಟೊ ಮುಂದೆ ತಳ್ಳಿದರು. "ಅದನ್ನೇ ಕೇಳ್ತಿದ್ದೀನಿ. ಇದು ಯಾರ ಟ್ರಕ್ಕು?"

ಶೀನಪ್ಪ ನೋಡಿದರು. ಗುರುಸಿದ್ದಪ್ಪ ಏಣಿಯಂಥ ಗುರುತಿನ ಮೇಲೆ ಬೆರಳಿಟ್ಟರು.

"ಕೆಳಗಿರೋದು ಹಿಮದಲ್ಲಿ ಜಾರದಿರಲಿ ಅಂತ ಚೈನ್ ಕಟ್ಟಿದ ಗಾಲಿ. ಚೈನ್ ಕಟ್ಟಿ ಅಳೀಬಾರದು, ನಂಬರ್ ಜಾಸ್ತಿ ಬರುತ್ತೆ ಅಂತ ಡಬ್ಬಿ ಮೇಲೇ ಬರೆದಿದೆ. ಚೈನ್ ಎಲ್ಲಿ ಶೀನಪ್ಪನವರೇ?"

ಶೀನಪ್ಪ ಟೋಪಿಯನ್ನು ಮೇಜಿನ ಮೇಲಿಟ್ಟರು.

"ಆ ಹುಡುಗಿ ಹೊರಗೆ ಕೂತಿದ್ದಾಳೆ."

"ನನ್ನ ಕಾರಲ್ಲಿ," ಅಂದರು ಶೀನಪ್ಪ. "ಹಿಂದೆ. ಅಕ್ಕಿ ಚೀಲದಲ್ಲಿ."

1:35ಕ್ಕೆ ಡಾನಾ ಚೀಲ ಬಿಚ್ಚಿದಳು. ತುಕ್ಕು ನೀರು, ಅದರೊಳಗೆ ಎರಡು ಚೈನು. ಫೋಟೊ ತೆಗೆದು ಸೀಲು ಹಾಕಿದರು.

ಹೇಳಿಕೆಯಲ್ಲಿ ಬರೆಸಿದ್ದು ಇದು: ಹಿಂದಿನ ವಾರ ಟ್ರಕ್ಕು ಜಾರಿ ಮೂರು ಸುತ್ತು ತಿರುಗಿತ್ತು. ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷ ಇದೇ ಕೆಲಸ. ಐಸ್ ಕಂಡರೆ ಕೈಕಾಲು ನಡುಗುತ್ತದೆ ಅಂತ ಯಾವ ಬಾಯಲ್ಲಿ ಹೇಳುವುದು? ಶನಿವಾರ ಮನೆಯಿಂದ ಚೈನು ತಂದು ಕಟ್ಟಿದರು. ಅಳೆಯುವಾಗ ಬಿಚ್ಚುವ ಅಂದುಕೊಂಡಿದ್ದರು. ಚಳಿಗೆ ಬೆರಳು ಮರಗಟ್ಟಿತ್ತು. ಇವತ್ತೊಂದು ದಿನ, ಅಂತ ಬಿಟ್ಟರು. ನಲವತ್ತನಾಲ್ಕು ಬಂತು, ಅದನ್ನೇ ಶ್ರಾವಣಿಗೆ ಹೇಳಿದರು. ವಿಮಾನ ಹಳ್ಳಕ್ಕೆ ಬಿದ್ದದ್ದು ಕಂಡ ಮೇಲೆ ಚೈನು ಕಿತ್ತು ಮತ್ತೆ ಅಳೆದರು. ಇಪ್ಪತ್ತೊಂದು ಬಂತು. ಖಾಲಿಯಿದ್ದ ಹಾಳೆಯಲ್ಲಿ 7:05 ಅಂತ ಹೊತ್ತು ಹಾಕಿ ಅದನ್ನೇ ಬರೆದರು.

2:20ಕ್ಕೆ ಸಾಕ್ಷ್ಯ ಮುಚ್ಚಿಟ್ಟ ಆರೋಪದ ಮೇಲೆ ಬಂಧನ. 2:35ಕ್ಕೆ ಹಿಯರಿಂಗ್ ನಡೆಸುವವರಿಗೆ ಗುರುಸಿದ್ದಪ್ಪನವರೇ ಫೋನ್ ಮಾಡಿ ಶ್ರಾವಣಿಯ ತಪ್ಪಿಲ್ಲ ಅಂದರು.

ವಿಷಯ ಕೇಳಿ ಶ್ರಾವಣಿ ಎದ್ದು ನಿಂತಳು. ಅಳಲಿಲ್ಲ. "ನಮ್ಮನೇಲಿ ಎಷ್ಟು ಸಲ ಊಟ ಮಾಡಿದಾರೆ ಸರ್," ಅಂದಳು. ಬಾಗಿಲ ತನಕ ಹೋಗಿ ತಿರುಗಿದಳು. "ಅಂಕಲ್‌ಗೆ ಶುಗರ್ ಇದೆ. ಹೊತ್ತಿಗೆ ಸರಿಯಾಗಿ ಏನಾದ್ರೂ ತಿನ್ನೋಕೆ ಕೊಡಿ."

3:05ಕ್ಕೆ ಗುರುಸಿದ್ದಪ್ಪ ಶೀನಪ್ಪನವರನ್ನು ಕಾರಿನಲ್ಲಿ ಕೂರಿಸಿಕೊಂಡು ಕೌಂಟಿ ಜೈಲಿಗೆ ಹೊರಟರು. ಮತ್ತೆ ಹಿಮ ಉದುರಲು ಶುರುವಾಗಿತ್ತು. ಗೇಟಿನ ತಿರುವಿನಲ್ಲಿ ಕಾರು ಒಂದಿಷ್ಟು ಜಾರಿತು. ಕೋಳ ಹಾಕಿದ ಕೈ ಹಿಡಿಯಲು ಏನನ್ನೋ ಹುಡುಕಿತು.

"ಇದಕ್ಕೆ ಚೈನ್ ಉಂಟಾ ಸರ್?"

"ಇಲ್ಲ."

"ಹೆದರಿಕೆ ಆಗ್ತದೆ," ಅಂದರು ಶೀನಪ್ಪ. "ನಿಧಾನ ಹೋಗಿ ಮಾರಾಯ್ರೇ."

ಗುರುಸಿದ್ದಪ್ಪ ವೇಗ ಇಳಿಸಿದರು.